ಮಂಕಾದ ಡ್ಯಾಶ್‌ಬೋರ್ಡು, ಕಾಣದ ಹಿಂಬದಿ

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗಳಲ್ಲಿ ಕುಳಿತು, ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಹಿಂಬದಿ ದೀಪವಿರುವುದಿಲ್ಲವೆಂದು ನಾನು ಎಷ್ಟು ಬಾರಿ ಆಕ್ಷೇಪಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ನಡಾವಳಿಯಲ್ಲಿ ಅದು ದಾಖಲಾಗುತ್ತಿತ್ತು, ಸೂಚನೆ ಹೊರಡುತ್ತಿತ್ತು, ಮುಂದಿನ ಹಂಗಾಮಿನಲ್ಲಿ ಅದೇ ವಿಷಯ ಮತ್ತೆ ಕಾರ್ಯಸೂಚಿಗೆ ಬರುತ್ತಿತ್ತು. ರೈತರಿಗೆ ಅರಿವು ಮೂಡಿಸಬೇಕೆಂಬುದು ಸಭೆಯ ಸಾಮಾನ್ಯ ಅಭಿಪ್ರಾಯವಾಗಿತ್ತು. ನಿವೃತ್ತಿಯ ನಂತರ ಒಂದು ಚಳಿಗಾಲದ ಸಂಜೆ ಔರಾದ್‌ನಿಂದ ಬೀದರ್‌ಗೆ ಮರಳುವಾಗ, ಹಿಂಬದಿ ದೀಪವಿಲ್ಲದೆ ಓಡುತ್ತಿದ್ದ ವಾಹನ ನನ್ನದೇ ಆಗಿತ್ತು. ಅರಿವು ಮೂಡಬೇಕಾಗಿದ್ದವನು ನಾನೇ ಆಗಿದ್ದೆ.

ಕಥೆ ಅದಕ್ಕೂ ಹದಿನೈದು ದಿನ ಮೊದಲು ಭಾಲ್ಕಿಯಲ್ಲಿ ಆರಂಭವಾಯಿತು. ಹನ್ನೆರಡು ವರ್ಷ ಹಳೆಯದಾದ ನನ್ನ ಸಣ್ಣ ಕಾರಿನಲ್ಲಿ ಬಂಧುಗಳ ಮನೆಗೆ ಹೋಗಿದ್ದೆ. ಮುಸ್ಸಂಜೆಯಲ್ಲಿ ಹೊರಡಲೆಂದು ದೀಪದ ಗುಂಡಿ ತಿರುಗಿಸಿದರೆ ಡ್ಯಾಶ್‌ಬೋರ್ಡು ಬೆಳಗಲಿಲ್ಲ. ವೇಗಮಾಪಕದ ಮುಳ್ಳಾಗಲಿ, ಇಂಧನದ ಮಟ್ಟವಾಗಲಿ ಕಾಣುತ್ತಿರಲಿಲ್ಲ. ಬೀದಿಯ ಕೊನೆಯಲ್ಲಿದ್ದ ಅಂಗಡಿಯೊಂದರ ಹುಡುಗ ಸ್ಟೀರಿಂಗಿನ ಕೆಳಗೆ ಕೈ ಹಾಕಿ, ಸುಟ್ಟಿದ್ದ ಫ್ಯೂಸೊಂದನ್ನು ಕಿತ್ತು ಹೊಸದನ್ನು ಹಾಕಿದ. ದೀಪ ಬಂತು. ಅವನು ಕೇಳಿದ್ದು ಇಪ್ಪತ್ತು ರೂಪಾಯಿ. ಕೊಟ್ಟು, ಅಗ್ಗದಲ್ಲಿ ಮುಗಿಯಿತೆಂಬ ಸಮಾಧಾನದಿಂದ ಹಲಬರ್ಗಾ ಮಾರ್ಗವಾಗಿ ಬೀದರ್ ಸೇರಿದೆ. ಫ್ಯೂಸು ಏಕೆ ಸುಟ್ಟಿತು ಎಂದು ಆ ಹುಡುಗ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಔರಾದ್‌ಗೆ ಹೋದದ್ದು ಅಮರೇಶ್ವರ ದೇವಸ್ಥಾನಕ್ಕೆ. ಬೀದರ್‌ನಿಂದ ಸುಮಾರು 40 ಕಿಲೋಮೀಟರ್ ದೂರ. ಹಿಂದಿರುಗುವಾಗ ಸಂತಪುರದ ಬಳಿ ಕತ್ತಲಾಯಿತು. ಗುಂಡಿ ತಿರುಗಿಸಿದೆ, ಡ್ಯಾಶ್‌ಬೋರ್ಡು ಮತ್ತೆ ಕಪ್ಪು. ಮುಂದಿನ ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದವು. ದಾರಿ ಪರಿಚಿತ, ವೇಗವನ್ನು ಅಂದಾಜಿನಲ್ಲಿ ನಿಭಾಯಿಸಬಹುದು, ನಾಳೆ ನೋಡಿದರಾಯಿತು ಎಂದುಕೊಂಡೆ. ಕೌಠಾದ ಬಳಿ ಮಾಂಜ್ರಾ ಸೇತುವೆಯನ್ನು ದಾಟುವಾಗ ಹಿಂದಿನಿಂದ ಬಂದ ಬೈಕೊಂದು ಕೀರಲು ಶಬ್ದದೊಡನೆ ಬಲಕ್ಕೆ ಹೊರಳಿ, ನನ್ನ ಕಾರಿನ ಮೂಲೆಗೆ ಒಂದು ಗೇಣಿನ ಅಂತರದಲ್ಲಿ ಹಾದುಹೋಯಿತು. ಸವಾರನ ಹಿಂದೆ ಒಬ್ಬ ಹೆಣ್ಣುಮಗಳು, ಮುಂದೆ ಟ್ಯಾಂಕಿನ ಮೇಲೆ ಕುಲಾವಿ ಹಾಕಿದ್ದ ಮಗು. ಜನವಾಡಾದ ಬೆಳಕಿನಲ್ಲಿ ಅವನು ನನ್ನನ್ನು ತಡೆದು ನಿಲ್ಲಿಸಿದ. ಬೈಯುತ್ತಾನೆಂದುಕೊಂಡೆ. ಅವನು ಹೇಳಿದ್ದು ಇಷ್ಟೆ: ‘ಸಾಹೇಬ್ರ, ನಿಮ್ ಗಾಡಿ ಹಿಂದಿನ ಲೈಟ್ ಒಂದೂ ಹತ್ತಿಲ್ರಿ.’

ಕೆಳಗಿಳಿದು ಹಿಂದೆ ಹೋಗಿ ನೋಡಿದೆ. ಎರಡೂ ಬದಿಯ ಕೆಂಪು ದೀಪಗಳಿಲ್ಲ, ನಂಬರ್ ಪ್ಲೇಟಿನ ದೀಪವಿಲ್ಲ. ಬ್ರೇಕ್ ತುಳಿದಾಗ ಮಾತ್ರ ಬ್ರೇಕ್ ದೀಪ ಬರುತ್ತಿತ್ತು, ಏಕೆಂದರೆ ಅದಕ್ಕೆ ಬೇರೆಯೇ ಫ್ಯೂಸು. ನಾನು ಬ್ರೇಕ್ ತುಳಿಯದೆ ನೇರವಾಗಿ ಸಾಗುತ್ತಿದ್ದಷ್ಟು ಹೊತ್ತು ನನ್ನ ಕಾರು ಹಿಂದಿನವರ ಪಾಲಿಗೆ ಇರಲೇ ಇಲ್ಲ. ಉಳಿದ ದಾರಿಯನ್ನು ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುತ್ತ, ರಸ್ತೆಯ ಅಂಚು ಹಿಡಿದು ಕ್ರಮಿಸಿದೆ. ಆ ಸ್ಥಿತಿಯಲ್ಲಿ ಮಾಡಬಹುದಾದದ್ದು ಅಷ್ಟೇ.

ಮರುದಿನ ಬೀದರ್‌ನಲ್ಲಿ, ವಾಹನಗಳ ವಿದ್ಯುತ್ ಕೆಲಸದಲ್ಲಿ ತಲೆ ನರೆಸಿಕೊಂಡ ಉಸ್ತಾದರೊಬ್ಬರ ಬಳಿ ಹೋದೆ. ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡು ಅವರು ಮೊದಲು ಕೇಳಿದ ಪ್ರಶ್ನೆ ನನ್ನಂತಹ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಹೊಳೆಯಬೇಕಾಗಿತ್ತು: ‘ಡ್ಯಾಶ್‌ಬೋರ್ಡಿನ ಜೊತೆಗೆ ಮತ್ತೇನೇನು ಹೋಯಿತು?’ ಒಂದೇ ಹೊತ್ತಿಗೆ ಹಲವು ಸಂಗತಿಗಳು ಕೆಟ್ಟರೆ ಅವುಗಳಿಗೆ ಸಮಾನವಾದ ಮೂಲವೊಂದಿರಬೇಕು. ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಬೆಳಕು, ಹಿಂಬದಿಯ ಕೆಂಪು ದೀಪ ಮತ್ತು ನಂಬರ್ ಪ್ಲೇಟಿನ ದೀಪಗಳು ಪಾರ್ಕಿಂಗ್ ದೀಪದ ಒಂದೇ ಮಂಡಲಕ್ಕೆ ಸೇರಿರುತ್ತವೆ. ಕೆಲವು ಕಾರುಗಳಲ್ಲಿ ಎಡಬಲಕ್ಕೆ ಪ್ರತ್ಯೇಕ ಫ್ಯೂಸುಗಳಿದ್ದು, ಡ್ಯಾಶ್‌ಬೋರ್ಡು ಅವುಗಳಲ್ಲಿ ಒಂದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಕಣ್ಣೆದುರಿನ ಬೆಳಕು ಆರಿದಾಗ, ಬೆನ್ನ ಹಿಂದಿನ ಬೆಳಕೂ ಆರಿರಬಹುದೆಂದು ಮೊದಲು ಅನುಮಾನಿಸಬೇಕು. ನಾನು ಅದನ್ನು ಬರಿಯ ಅನನುಕೂಲವೆಂದು ಭಾವಿಸಿದ್ದೆ.

ಈ ದೀಪಗಳ ಬೆಲೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂಬದಿಯ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನಿಂತಿರುವ ವಾಹನದ ದೀಪ 155 ಮೀಟರಿನಿಂದ ಕಂಡರೆ ಹಿಂದೆ ಬರುವವನಿಗೆ ಒಂಬತ್ತು ಸೆಕೆಂಡು ಸಿಗುತ್ತವೆ. ದೀಪವಿಲ್ಲದೆ, ಅವನ ಹೆಡ್‌ಲೈಟಿನ ಬೆಳಕಿನಲ್ಲಿ 50 ಮೀಟರಿನಲ್ಲಷ್ಟೇ ಕಂಡರೆ ಉಳಿಯುವುದು ಮೂರು ಸೆಕೆಂಡು. ಆ ವ್ಯತ್ಯಾಸದ ಆರು ಸೆಕೆಂಡುಗಳನ್ನು ಕೊಡುವುದು ಕೆಲವೇ ರೂಪಾಯಿಗಳ ಬಲ್ಬು ಮತ್ತು ಅದಕ್ಕಿಂತ ಅಗ್ಗವಾದ ಫ್ಯೂಸು.

ಉಸ್ತಾದರು ಹೊಸ ಫ್ಯೂಸು ಹಾಕುವ ಅವಸರ ಮಾಡಲಿಲ್ಲ. ಫ್ಯೂಸು ಎಂಬುದು ರೋಗವಲ್ಲ, ಜ್ವರ ಎಂದರು. ಕಾರಣವಿಲ್ಲದೆ ಅದು ಸುಡುವುದು ಅಪರೂಪ. ಹಿಂದಿನ ಬಾಗಿಲನ್ನು ಎತ್ತಿ, ಅದರ ಕೀಲಿನ ಬಳಿಯಿರುವ ರಬ್ಬರಿನ ಕೊಳವೆಯನ್ನು ಸರಿಸಿ ತೋರಿಸಿದರು. ಹನ್ನೆರಡು ವರ್ಷ ಆ ಬಾಗಿಲು ಏರಿ ಇಳಿದಾಗಲೆಲ್ಲ ಒಳಗಿನ ತಂತಿಗಳೂ ಮಡಚಿ ಬಿಚ್ಚಿಕೊಂಡಿದ್ದವು. ನಂಬರ್ ಪ್ಲೇಟಿನ ದೀಪಕ್ಕೆ ಹೋಗುವ ತಂತಿಯ ಹೊದಿಕೆ ಸೀಳಿ, ತಾಮ್ರ ಹೊರಬಂದು, ಆಗೊಮ್ಮೆ ಈಗೊಮ್ಮೆ ಲೋಹದ ಅಂಚಿಗೆ ತಾಗುತ್ತಿತ್ತು. ತಾಗಿದಾಗ ಶಾರ್ಟ್ ಸರ್ಕ್ಯೂಟ್, ಫ್ಯೂಸು ಬಲಿ. ಭಾಲ್ಕಿಯಲ್ಲಿ ಹಾಕಿದ ಹೊಸ ಫ್ಯೂಸು ಹದಿನೈದು ದಿನ ಬದುಕಿದ್ದೇ ಹೆಚ್ಚು. ಆಡಳಿತದಲ್ಲಿಯೂ ನಾವು ಹೀಗೆಯೇ ಎಷ್ಟೋ ಫ್ಯೂಸುಗಳನ್ನು ಬದಲಾಯಿಸಿ ಕಡತ ಮುಕ್ತಾಯಗೊಳಿಸಿದ್ದೇವೆ ಎಂಬುದು ನೆನಪಾಯಿತು.

ಅಂದು ಅವರ ಅಂಗಡಿಯಲ್ಲಿ ಎರಡು ಗಂಟೆ ಕುಳಿತು ಕಲಿತದ್ದನ್ನು, ಆಮೇಲೆ ಓದಿ ಖಚಿತಪಡಿಸಿಕೊಂಡದ್ದನ್ನು, ಕಾರಿನ ಒಡೆಯರಾದ ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಡ್ಯಾಶ್‌ಬೋರ್ಡು ಮಂಕಾದಾಗ ಮೊದಲು ನೋಡಬೇಕಾದದ್ದು ಬೆಳಕನ್ನು ಏರಿಳಿಸುವ ಪುಟ್ಟ ಚಕ್ರ ಅಥವಾ ಗುಂಡಿಯನ್ನು. ಒರೆಸುವಾಗ ಬಟ್ಟೆ ತಾಗಿಯೋ, ಮಕ್ಕಳ ಕೈ ಸೋಕಿಯೋ ಅದು ಕನಿಷ್ಠ ಮಟ್ಟಕ್ಕೆ ಇಳಿದಿರುವುದುಂಟು. ಅದು ಸರಿಯಿದ್ದರೆ ಕೆಳಗಿಳಿದು ಹಿಂಬದಿ ದೀಪಗಳನ್ನು ನೋಡಬೇಕು. ಅವೂ ಆರಿದ್ದರೆ ಫ್ಯೂಸಿನ ಕಡೆ ಗಮನ ಹರಿಸಬೇಕು. ಸಾಮಾನ್ಯವಾಗಿ ಒಂದು ಫ್ಯೂಸು ಪೆಟ್ಟಿಗೆ ಚಾಲಕನ ಮೊಣಕಾಲ ಬಳಿ, ಇನ್ನೊಂದು ಎಂಜಿನ್ನಿನ ಪಕ್ಕದಲ್ಲಿ ಇರುತ್ತದೆ. ಯಾವ ಫ್ಯೂಸು ಯಾವುದಕ್ಕೆ ಎಂಬುದು ಮುಚ್ಚಳದ ಒಳಗೆ ಅಥವಾ ಕೈಪಿಡಿಯಲ್ಲಿ ಮುದ್ರಿತವಾಗಿರುತ್ತದೆ. ಕಿತ್ತು ನೋಡಿದರೆ ಒಳಗಿನ ಸಣ್ಣ ಲೋಹದ ಸೇತುವೆ ತುಂಡಾಗಿದೆಯೇ ಎಂಬುದು ಕಾಣುತ್ತದೆ. ಹನ್ನೆರಡು ವೋಲ್ಟಿನ ಪರೀಕ್ಷಾ ದೀಪವಿದ್ದರೆ ಕೀಳುವ ಅಗತ್ಯವೂ ಇಲ್ಲ. ದೀಪದ ಗುಂಡಿಯನ್ನು ಹಾಕಿಟ್ಟು, ಪರೀಕ್ಷಾ ದೀಪದ ಒಂದು ತುದಿಯನ್ನು ಕಾರಿನ ಲೋಹದ ಒಡಲಿಗೆ ಸಿಕ್ಕಿಸಿ, ಇನ್ನೊಂದನ್ನು ಫ್ಯೂಸಿನ ನೆತ್ತಿಯ ಮೇಲಿನ ಎರಡು ಲೋಹದ ಚುಕ್ಕೆಗಳಿಗೆ ಒಂದೊಂದಾಗಿ ತಾಗಿಸಿದರಾಯಿತು. ಎರಡೂ ಕಡೆ ಉರಿದರೆ ಫ್ಯೂಸು ಸರಿಯಿದೆ. ಒಂದೇ ಕಡೆ ಉರಿದರೆ ಸುಟ್ಟಿದೆ. ಎರಡೂ ಕಡೆ ಉರಿಯದಿದ್ದರೆ ಅಲ್ಲಿಗೆ ವಿದ್ಯುತ್ತೇ ಬರುತ್ತಿಲ್ಲ.

ಫ್ಯೂಸಿನ ಬಣ್ಣಕ್ಕೆ ಅರ್ಥವಿದೆ. ಈಗಿನ ಕಾರುಗಳ ಚಪ್ಪಟೆ ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪು ಸುಟ್ಟ ಜಾಗಕ್ಕೆ ಹಸಿರನ್ನು ತುರುಕಿದರೆ ಫ್ಯೂಸೇನೋ ಉಳಿಯುತ್ತದೆ, ಆದರೆ ಅದರ ಬದಲಿಗೆ ತಂತಿ ಕಾಯುತ್ತದೆ. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನು ಸುತ್ತಿ ಸಿಕ್ಕಿಸುವುದು ಅದಕ್ಕಿಂತ ಅಪಾಯಕರ. ಮಂಡಲದಲ್ಲಿ ಸುಡಲೆಂದೇ ಇಟ್ಟ ದುರ್ಬಲ ಕೊಂಡಿ ಅದು. ಅದನ್ನು ಬಲಪಡಿಸಿದರೆ ಸುಡುವ ಸರದಿ ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗಳ ಕಟ್ಟಿನದಾಗುತ್ತದೆ, ಅಲ್ಲಿ ಪ್ಲಾಸ್ಟಿಕ್ಕಿಗೆ ಕೊರತೆಯಿಲ್ಲ. ಅದೇ ಅಳತೆಯ ಹೊಸ ಫ್ಯೂಸು ಹಾಕಿದೊಡನೆ ಸುಟ್ಟರೆ, ಮತ್ತೊಂದನ್ನು ವ್ಯರ್ಥ ಮಾಡದೆ ಆ ಮಂಡಲದ ದೀಪಗಳನ್ನು ಒಂದೊಂದಾಗಿ ಬೇರ್ಪಡಿಸುತ್ತ ದೋಷವನ್ನು ಹುಡುಕಬೇಕು. ಹಿಂದಿನ ಬಾಗಿಲಿನ ಕೀಲು, ನೀರು ಸೇರಿದ ದೀಪದ ಗೂಡು, ಆಮೇಲೆ ಸೇರಿಸಿದ ಅಲಂಕಾರದ ದೀಪಗಳ ಜೋಡಣೆ, ಇಲಿ ಕಡಿದ ತಂತಿ ಇವು ಸಾಮಾನ್ಯ ಆರೋಪಿಗಳು. ಸುತ್ತ ತೊಗರಿ, ಸೋಯಾ ಹೊಲಗಳಿರುವ ಭಾಲ್ಕಿ, ಔರಾದ್‌ಗಳಲ್ಲಿ ಸುಗ್ಗಿಯ ನಂತರ ಇಲಿಗಳು ಬೆಚ್ಚಗಿನ ಎಂಜಿನ್ನನ್ನು ಹುಡುಕಿಕೊಂಡು ಬಂದರೆ ಆಶ್ಚರ್ಯವಿಲ್ಲ.

ಫ್ಯೂಸು ಸರಿಯಿದ್ದು ಡ್ಯಾಶ್‌ಬೋರ್ಡಿನ ಒಂದು ಭಾಗವಷ್ಟೇ ಕತ್ತಲಾಗಿದ್ದರೆ ಬಲ್ಬು ಹೋಗಿರುತ್ತದೆ. ಹಳೆಯ ಕಾರುಗಳಲ್ಲಿ ಅವು ಕಾಲು ತಿರುವಿಗೆ ಕಳಚಿಕೊಳ್ಳುವ ಪುಟ್ಟ ಬಲ್ಬುಗಳು. ಅವುಗಳ ಜಾಗಕ್ಕೆ ಎಲ್‌ಇಡಿ ಹಾಕುವವರು ಒಂದನ್ನು ನೆನಪಿಡಬೇಕು. ಎಲ್‌ಇಡಿಗೆ ಧನ, ಋಣ ಎಂಬ ದಿಕ್ಕುಗಳಿವೆ, ಉರಿಯದಿದ್ದರೆ ತಿರುಗಿಸಿ ಹಾಕಿ ನೋಡಬೇಕು. ಇತ್ತೀಚಿನ ಅನೇಕ ಕಾರುಗಳಲ್ಲಿ ಎಲ್‌ಇಡಿಗಳನ್ನು ಫಲಕಕ್ಕೇ ಬೆಸೆದಿರುತ್ತಾರೆ, ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅಲ್ಲಿ ನಮ್ಮ ಕೈಚಳಕಕ್ಕೆ ಎಡೆಯಿಲ್ಲ. ಏರ್‌ಬ್ಯಾಗ್ ಇರುವ ಸ್ಟೀರಿಂಗಿನ ಸುತ್ತಮುತ್ತಲಂತೂ ತರಬೇತಿಯಿಲ್ಲದವರು ಕೈಹಾಕಲೇಬಾರದು.

ಬೆಳಕು ಮಿಣುಕುತ್ತಿದ್ದರೆ, ಗುದ್ದಿದಾಗ ಬಂದು ಮತ್ತೆ ಹೋಗುತ್ತಿದ್ದರೆ, ಸಂಪರ್ಕ ಸಡಿಲವಾಗಿದೆ ಎಂದರ್ಥ. ನನ್ನ ಸೇವೆಯ ಆರಂಭದಲ್ಲಿ ಸರ್ಕಾರಿ ಅಂಬಾಸಡರ್‌ನ ಚಾಲಕರು ಡ್ಯಾಶ್‌ಬೋರ್ಡನ್ನು ಮುಷ್ಟಿಯಿಂದ ತಟ್ಟಿ ದೀಪ ಬರಿಸುತ್ತಿದ್ದುದನ್ನು ಕಂಡು ನಗುತ್ತಿದ್ದೆ. ಅವರು ಮಾಡುತ್ತಿದ್ದುದು ದುರಸ್ತಿಯಲ್ಲ, ಸರಿಯಾದ ತಪಾಸಣೆ. ಇನ್ನೊಂದು ಲಕ್ಷಣ ವಿಚಿತ್ರವಾದದ್ದು. ದೀಪದ ಗುಂಡಿ ಹಾಕದಿದ್ದರೂ ಬ್ರೇಕ್ ತುಳಿದೊಡನೆ ಡ್ಯಾಶ್‌ಬೋರ್ಡು ಮಂದವಾಗಿ ಬೆಳಗುತ್ತದೆ. ಭೂತಚೇಷ್ಟೆಯಂತೆ ಕಂಡರೂ ಕಾರಣ ಸರಳ. ಹಿಂಬದಿ ದೀಪದ ಗೂಡಿನಲ್ಲಿ ಒಡಲಿಗೆ ಕೂಡುವ ಅರ್ಥಿಂಗ್ ತಂತಿ ತುಕ್ಕು ಹಿಡಿದಿರುತ್ತದೆ. ಬ್ರೇಕಿನ ವಿದ್ಯುತ್ತು ಮರಳಲು ದಾರಿ ಕಾಣದೆ, ಅದೇ ಬಲ್ಬಿನ ಇನ್ನೊಂದು ಎಳೆಯ ಮೂಲಕ ಹಿಮ್ಮುಖವಾಗಿ ಪಾರ್ಕಿಂಗ್ ದೀಪದ ಮಂಡಲಕ್ಕೆ ನುಗ್ಗುತ್ತದೆ. ಆ ಕೂಡುಸ್ಥಳವನ್ನು ಉಜ್ಜಿ ಬಿಗಿಗೊಳಿಸಿದರೆ ಭೂತ ಬಿಡುತ್ತದೆ.

ಇನ್ನು ಕಾರಿನ ಒಳಛಾವಣಿಯ ದೀಪ. ‘ಕೆಟ್ಟಿದೆ’ ಎಂದು ಬರುವ ಕಾರುಗಳಲ್ಲಿ ಎಷ್ಟೋ ಬಾರಿ ಅದರ ಮೂರು ನೆಲೆಯ ಗುಂಡಿ ‘ಬಂದ್’ ನೆಲೆಯಲ್ಲಿರುತ್ತದೆ ಎಂದು ಉಸ್ತಾದರು ನಕ್ಕರು. ಮಧ್ಯದ ನೆಲೆಯಲ್ಲಿಟ್ಟಾಗ ಬಾಗಿಲು ತೆರೆದರೂ ಉರಿಯದಿದ್ದರೆ, ಬಾಗಿಲ ಚೌಕಟ್ಟಿನ ರಬ್ಬರಿನ ಪುಟ್ಟ ಮೊಳೆಯಂತಹ ಸ್ವಿಚ್ಚನ್ನು ನೋಡಬೇಕು. ಬೀದರ್‌ನ ಕೆಂಪು ಜಂಬಿಟ್ಟಿಗೆ ಧೂಳು ಅದರೊಳಗೆ ಸೇರಿ ತುಕ್ಕಿನೊಡನೆ ಗಟ್ಟಿಯಾಗುತ್ತದೆ. ಒಳದೀಪದೊಂದಿಗೆ ಗಡಿಯಾರ ಅಥವಾ ರೇಡಿಯೋದ ನೆನಪೂ ಅಳಿಸಿಹೋಗಿದ್ದರೆ ಅವುಗಳ ಸಮಾನ ಫ್ಯೂಸನ್ನು ಶಂಕಿಸಬೇಕು. ಇದಕ್ಕೆ ವಿರುದ್ಧವಾದ ದೋಷ ಹೆಚ್ಚು ದುಬಾರಿ: ಸ್ವಿಚ್ಚು ಒಳಗೇಳದೆ ದೀಪ ಆರುವುದೇ ಇಲ್ಲ. ಐದು ವ್ಯಾಟಿನ ಬಲ್ಬು ಗಂಟೆಗೆ 0.4 ಆಂಪಿಯರ್-ಅವರ್‌ನಂತೆ ಕುಡಿಯುತ್ತ ಹೋದರೆ, 35 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನದೊಳಗೆ ಅರ್ಧ ಬರಿದಾಗುತ್ತದೆ. ಹಳೆಯ ಬ್ಯಾಟರಿಯಾದರೆ ಮೂರನೆಯ ಬೆಳಿಗ್ಗೆ ಕಾರು ಹೊರಡುವುದಿಲ್ಲ.

ಬೆಳಕು ಕೊಡುವ ದೀಪಗಳಿಗಿಂತ ಮುಖ್ಯವಾದವು ಎಚ್ಚರಿಕೆಯ ದೀಪಗಳು. ಕೆಂಪು ಎಂದರೆ ನಿಲ್ಲು, ಹಳದಿ ಎಂದರೆ ಬೇಗ ತೋರಿಸು, ಹಸಿರು ಮತ್ತು ನೀಲಿ ಎಂದರೆ ಮಾಹಿತಿ. ಕೀಲಿಯನ್ನು ತಿರುಗಿಸಿ ಎಂಜಿನ್ ಚಾಲೂ ಮಾಡದೆ ನೋಡಿದರೆ ಇವು ಉರಿಯಬೇಕು. ಉರಿಯದ ದೀಪ ಆರೋಗ್ಯದ ಲಕ್ಷಣವಲ್ಲ. ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿ ಚಿಹ್ನೆಯ ಬಲ್ಬು ಸುಟ್ಟರೆ ಆಲ್ಟರ್‌ನೇಟರ್‌ಗೆ ಆರಂಭದ ವಿದ್ಯುತ್ತು ದೊರೆಯದೆ ಬ್ಯಾಟರಿ ತುಂಬದಿರುವುದೂ ಉಂಟು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಈ ಪರೀಕ್ಷೆ ಅತ್ಯಗತ್ಯ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಪ್ರಬಂಧವೊಂದನ್ನು ಬರೆದರು. ಮಾರುವವನಿಗೆ ತಿಳಿದಿರುವ ದೋಷ ಕೊಳ್ಳುವವನಿಗೆ ತಿಳಿಯದಿದ್ದಾಗ, ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆಂಬುದು ಅದರ ಸಾರ. 2001ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಎಂಎ ತರಗತಿಯಲ್ಲಿ ರೇಖಾಚಿತ್ರವಾಗಿ ಓದಿದ್ದ ಈ ಸಿದ್ಧಾಂತ ಉಸ್ತಾದರ ಅಂಗಡಿಯಲ್ಲಿ ಕಣ್ಣಿಗೆ ಕಂಡಿತು. ಏರ್‌ಬ್ಯಾಗ್ ದೋಷದ ದೀಪ ಸದಾ ಉರಿಯುವುದನ್ನು ಮರೆಮಾಚಲು ಅದನ್ನು ಆಯಿಲ್ ಒತ್ತಡದ ದೀಪದ ತಂತಿಗೆ ಕಟ್ಟಿ, ಎಂಜಿನ್ ಚಾಲೂ ಆದೊಡನೆ ಎರಡೂ ಆರುವಂತೆ ಮಾಡುವವರಿದ್ದಾರೆ. ಪತ್ತೆಹಚ್ಚುವ ಉಪಾಯ ಸುಲಭ. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಹತ್ತು ಸೆಕೆಂಡು ಕಾಯಬೇಕು. ಸಾಮಾನ್ಯವಾಗಿ ಏರ್‌ಬ್ಯಾಗ್ ದೀಪ ತನ್ನ ತಪಾಸಣೆ ಮುಗಿಸಿ ತಾನಾಗಿಯೇ ಆರುತ್ತದೆ, ಆಯಿಲ್ ಮತ್ತು ಬ್ಯಾಟರಿಯ ದೀಪಗಳು ಎಂಜಿನ್ ಓಡುವವರೆಗೆ ಉರಿಯುತ್ತಲೇ ಇರುತ್ತವೆ. ಎರಡೂ ಒಂದೇ ಗಳಿಗೆಯಲ್ಲಿ ಆರಿದರೆ ಅನುಮಾನಿಸಬೇಕು.

ಹೊಸ ಕಾರಿನವರು ಇದೆಲ್ಲ ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಅವರ ಸಮಸ್ಯೆ ತಲೆಕೆಳಗಾದದ್ದು. ಡ್ಯಾಶ್‌ಬೋರ್ಡು ಹಗಲೂ ರಾತ್ರಿ ಬೆಳಗುತ್ತಿರುತ್ತದೆ, ಮುಂದೆ ಹಗಲು ದೀಪಗಳೂ ಉರಿಯುತ್ತಿರುತ್ತವೆ. ಬೀದಿದೀಪಗಳಿರುವ ನಗರದಲ್ಲಿ ಹೆಡ್‌ಲೈಟ್ ಹಾಕಿಲ್ಲವೆಂಬುದೇ ಚಾಲಕನಿಗೆ ತಿಳಿಯುವುದಿಲ್ಲ, ಹಿಂಬದಿ ಕತ್ತಲಾಗಿರುತ್ತದೆ. ಕೆನಡಾ ದೇಶ ಇದನ್ನು ಗಂಭೀರವಾಗಿ ಪರಿಗಣಿಸಿ, 2021ರ ಸೆಪ್ಟೆಂಬರ್‌ನಿಂದ ಹೊಸ ವಾಹನಗಳಿಗೆ ನಿಯಮ ಮಾಡಿತು. ಹಗಲು ದೀಪದೊಡನೆ ಹಿಂಬದಿ ದೀಪವೂ ಉರಿಯಬೇಕು, ಅಥವಾ ಕತ್ತಲಲ್ಲಿ ಎಲ್ಲ ದೀಪಗಳೂ ತಾವಾಗಿ ಹೊತ್ತಿಕೊಳ್ಳಬೇಕು, ಅಥವಾ ದೀಪ ಹಾಕುವವರೆಗೆ ಡ್ಯಾಶ್‌ಬೋರ್ಡು ಕತ್ತಲಾಗಿರಬೇಕು. ಕತ್ತಲಾದ ಡ್ಯಾಶ್‌ಬೋರ್ಡೂ ಒಂದು ಸಂದೇಶವೆಂದು ಕಾನೂನೇ ಒಪ್ಪಿಕೊಂಡಂತಾಯಿತು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಸದಾ ಉರಿಯುವಂತೆ ಮಾಡಲಾಗಿದೆ. ಅದೇ ವರ್ಷದ ಮೇ 1ರಂದು ಅಧಿಕಾರಸ್ಥರ ಕಾರುಗಳ ಮೇಲಿನ ಕೆಂಪು ಗೂಟದ ದೀಪಗಳೂ ಹೋದವು. ಆ ಕೆಂಪು ದೀಪದ ಬಗ್ಗೆ ನಾವು ಚರ್ಚಿಸಿದಷ್ಟನ್ನು ಹಿಂಬದಿಯ ಕೆಂಪು ದೀಪದ ಬಗ್ಗೆ ಚರ್ಚಿಸಲಿಲ್ಲ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳವರೆಗೆ ಊರ್ಜಿತ. ಅಷ್ಟು ಕಾಲ ಅದರ ದೀಪಗಳನ್ನು ಯಾವ ಅಧಿಕಾರಿಯೂ ಕಡ್ಡಾಯವಾಗಿ ಪರೀಕ್ಷಿಸುವುದಿಲ್ಲ. ಕಬ್ಬಿನ ಹಂಗಾಮು ಆರಂಭವಾಗುವ ಮುನ್ನ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಒಂದು ದಿನ ದೀಪ ತಪಾಸಣೆಯ ಶಿಬಿರ ನಡೆಸುವುದು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಿನ ಕೆಲಸವಲ್ಲ. ಐಟಿಐ ವಿದ್ಯಾರ್ಥಿಗಳಿಗೆ ಪರೀಕ್ಷಾ ದೀಪ ಹಿಡಿದು ಕೆಲಸ ಕಲಿಯಲು ಅದು ಒಳ್ಳೆಯ ಅವಕಾಶ. ಆದರೆ ಆ ಸಾಲಿನಲ್ಲಿ ಟ್ರ್ಯಾಕ್ಟರುಗಳ ಜೊತೆಗೆ ನಮ್ಮ ಕಾರುಗಳೂ ನಿಲ್ಲಬೇಕು.

ನನ್ನ ಕಾರಿನ ತಂತಿಯನ್ನು ಬೆಸೆದು, ಹೊದಿಕೆ ಸುತ್ತಿ, ಹತ್ತು ಆಂಪಿಯರಿನ ಕೆಂಪು ಫ್ಯೂಸು ಹಾಕಿ ಉಸ್ತಾದರು ಪಡೆದದ್ದು ಮುನ್ನೂರು ರೂಪಾಯಿ. ಒಬ್ಬರೇ ಇರುವಾಗ ಹಿಂಬದಿ ದೀಪ ನೋಡುವ ಬಗೆಯನ್ನೂ ಅವರೇ ಹೇಳಿಕೊಟ್ಟರು. ಕತ್ತಲಾದ ಮೇಲೆ ಕಾರಿನ ಹಿಂಬದಿಯನ್ನು ಕಾಂಪೌಂಡ್ ಗೋಡೆಯ ಕಡೆ ಮಾಡಿ ನಿಲ್ಲಿಸಿ, ದೀಪ ಹಾಕಿ, ಕನ್ನಡಿಯಲ್ಲಿ ನೋಡುವುದು. ಗೋಡೆಯ ಮೇಲೆ ಎಡಕ್ಕೂ ಬಲಕ್ಕೂ ಕೆಂಪು ಬೆಳಕು ಬೀಳಬೇಕು. ಬ್ರೇಕ್ ತುಳಿದರೆ ಅದು ಗಾಢವಾಗಬೇಕು. ಅರ್ಧ ನಿಮಿಷದ ಕೆಲಸ. ಜನವಾಡಾದಲ್ಲಿ ನನ್ನನ್ನು ತಡೆದ ಆ ಸವಾರನ ಹೆಸರನ್ನು ಅಂದಿನ ಗಾಬರಿಯಲ್ಲಿ ನಾನು ಕೇಳಲಿಲ್ಲ, ಕೃತಜ್ಞತೆಯನ್ನೂ ಸರಿಯಾಗಿ ಹೇಳಲಿಲ್ಲ. ಪ್ರತಿ ವಾರ ಗೋಡೆಯ ಮೇಲೆ ಆ ಎರಡು ಕೆಂಪು ಬೆಳಕುಗಳನ್ನು ಕಂಡಾಗ, ಟ್ಯಾಂಕಿನ ಮೇಲೆ ಕುಳಿತಿದ್ದ ಕುಲಾವಿಯ ಮಗು ನೆನಪಾಗುತ್ತದೆ.